ಟೋಪಿ ಕಳಚುವ ಕಿಣ್ವ

ನಾನು ಕುಶಾಲನಗರದ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಎರಡನೇ ಪಿಯು ಪಾಠದಲ್ಲಿ ಎಂಆರ್‌ಎನ್‌ಎ ಟೋಪಿಯ ಬಗ್ಗೆ ಬರುವುದು ಒಂದೆರಡು ಸಾಲು, ಅಷ್ಟೇ. ಅದನ್ನು ಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, "ಒಂದು ಮಾರ್ಕಿಗೆ ಬರುತ್ತೆ, ಬರ್ಕೊಳ್ಳಿ" ಎಂದು ಹೇಳಿ ಮುಂದಕ್ಕೆ ಹೋಗುವುದು ನನ್ನ ಅಭ್ಯಾಸ. ಟೋಪಿ ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ಯಾರೋ ನಗುತ್ತಾರೆ. ನಾನು ಡಸ್ಟರ್ ಎತ್ತುತ್ತೇನೆ, ನಗು ನಿಲ್ಲುತ್ತದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಕಾಲೇಜಿನ ಗೋಡೆಗೂ ಗೊತ್ತು.

ವಿಷಯ ಅಂಥ ಕಷ್ಟದ್ದೇನಲ್ಲ. ಜೀವಕೋಶದ ಒಳಗೆ ಡಿಎನ್‌ಎಯಲ್ಲಿರುವ ಸೂಚನೆಯನ್ನು ನಕಲು ಮಾಡಿಕೊಂಡು ಹೊರಗೆ ಹೋಗುವ ಚೀಟಿಯೇ ಎಂಆರ್‌ಎನ್‌ಎ. ಅಡುಗೆಯವನ ಕೈಗೆ ಕೊಟ್ಟ ಸಾಮಾನಿನ ಚೀಟಿ ಅಂದುಕೊಳ್ಳಿ. ಅದನ್ನು ನೋಡಿಕೊಂಡು ಪ್ರೊಟೀನು ತಯಾರಾಗುತ್ತದೆ. ಕೆಲಸ ಮುಗಿಯುವ ಮೊದಲೇ ಆ ಚೀಟಿಯನ್ನು ಯಾವ ಕಿಣ್ವವೂ ತುದಿಯಿಂದ ಮೇಯ್ದು ಹಾಕದಿರಲಿ ಎಂದು ಅದರ ಮುಂದಿನ ತುದಿಗೆ ಒಂದು ಟೋಪಿ ಕೂರುತ್ತದೆ. ಇಷ್ಟನ್ನು ಹೇಳಿದರೆ ಪರೀಕ್ಷೆಗೆ ಸಾಕು. ತೊಡಿಸಿದ ಟೋಪಿಯನ್ನು ಆಮೇಲೆ ಯಾರು ತೆಗೆಯುತ್ತಾರೆ ಎಂದು ಈವರೆಗೆ ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ. ನಾನೂ ಯೋಚಿಸಿದವಳಲ್ಲ. ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದುಕೊಂಡು ಸಂಬಳ ತೆಗೆದುಕೊಳ್ಳುವವರ ಪೈಕಿ ನಾನು. ಟೋಪಿ ತೆಗೆಯುವುದಕ್ಕೂ ಕಿಣ್ವಗಳಿವೆ ಎಂದು ನನಗೆ ಗೊತ್ತಾದದ್ದು ಹೋದ ವರ್ಷ, ನನ್ನ ಮಗನ ರಿಪೋರ್ಟಿನಿಂದ.

ಮಗನಿಗೆ ಈಗ ಹನ್ನೆರಡು. ನಡೆಯುತ್ತಾನೆ, ಆದರೆ ನಾಲ್ಕು ಹೆಜ್ಜೆಗೆ ಯಾರದಾದರೂ ಕೈ ಬೇಕು. ಮಾತಿಲ್ಲ. "ಮ್ಮ" ಎಂದರೆ ನಾನೂ ಹೌದು, ನೀರೂ ಹೌದು, ಕೊಟ್ಟಿಗೆಯ ಎಮ್ಮೆಯೂ ಹೌದು. ಅನ್ನ ಕಲಸಿ ಬಾಯಿಗಿಡಬೇಕು. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಮಾತ್ರ ತಪ್ಪದೆ ನಗುತ್ತಾನೆ. ಅವನ ಆ ನಗು ನೋಡಿದಾಗಲೇ ನನಗೆ ಹೆಚ್ಚು ಅಳು ಬರುವುದು, ಇದನ್ನು ಯಾರಿಗೂ ಹೇಳಿಲ್ಲ.

ನಮ್ಮ ತಾತ ಅಜ್ಜಿ ಹಾಸನದ ಕಡೆಯಿಂದ ಬಂದು ಹೆಬ್ಬಾಲೆಯ ಹತ್ತಿರ ಜಮೀನು ಮಾಡಿದವರು. ಮೊದಲು ಭತ್ತ, ಆಮೇಲೆ ಜೋಳ, ಈಗೀಗ ಶುಂಠಿ. ಅಜ್ಜಿಯ ಮೊದಲ ಮಗಳು ನನ್ನ ಅಮ್ಮ, ಕೊನೆಯ ಮಗ ನನ್ನ ಗಂಡ. ಅಂದರೆ ನಾನು ಮದುವೆಯಾದದ್ದು ಸ್ವಂತ ಸೋದರಮಾವನನ್ನು. ನಮ್ಮ ಜನರಲ್ಲಿ ಇದು ಹುಬ್ಬೇರಿಸುವ ಸಂಗತಿಯೇ ಅಲ್ಲ. ಅಕ್ಕನ ಮಗಳ ಮೇಲೆ ತಮ್ಮನಿಗೆ ಮೊದಲ ಹಕ್ಕು, ಅವನು ಬೇಡ ಎಂದ ಮೇಲೆಯೇ ಹೊರಗಿನ ಗಂಡು ನೋಡುವುದು. ಚಿಕ್ಕವಳಿದ್ದಾಗ ಅವರ ಹೆಗಲ ಮೇಲೆ ಕೂತು ಸಂತೆ ನೋಡಿದವಳು ನಾನು. ಆಗಲೂ "ಮಾವ" ಎನ್ನುತ್ತಿದ್ದೆ, ತಾಳಿ ಕಟ್ಟಿದ ಮೇಲೂ "ಮಾವ" ಎಂದೇ ಕರೆಯುತ್ತೇನೆ. ಅಜ್ಜಿ ಅತ್ತೆಯಾದಳು ಅಷ್ಟೇ, ಮುದ್ದೆ ತಿರುವಿ ನನ್ನ ತಟ್ಟೆಗಿಡುವ ಕೈ ಅದೇ.

ಯಾರೂ ನನ್ನನ್ನು ಬಲವಂತ ಮಾಡಲಿಲ್ಲ, ಸುಳ್ಳು ಹೇಳಬಾರದು. ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ ಬಂದಿದ್ದೆ. ಗೊತ್ತಿರುವ ಮನೆ, ಗೊತ್ತಿರುವ ಮನುಷ್ಯ, ಕೆಲಸಕ್ಕೆ ಹೋಗಬೇಡ ಎನ್ನದ ಗಂಡ. ಹ್ಞೂಂ ಎಂದೆ. ವಂಶವೃಕ್ಷದ ಚಿತ್ರದಲ್ಲಿ ರಕ್ತಸಂಬಂಧದ ಒಳಗಿನ ಮದುವೆಗೆ ಒಂದರ ಬದಲು ಎರಡು ಗೆರೆ ಎಳೆಯಬೇಕು ಎಂಬುದು ನನಗೆ ಆಗಲೂ ಗೊತ್ತಿತ್ತು. ಮದುವೆ ರಜೆ ಮುಗಿಸಿ ಬಂದ ತಿಂಗಳಲ್ಲೇ ಆ ಪಾಠ ಬಂತು. ಸ್ಕೇಲ್ ಇಟ್ಟು ಎರಡೂ ಗೆರೆಯನ್ನು ನೆಟ್ಟಗೆ ಎಳೆದೆ. ಪಾಠದ ಗೆರೆ ಹಲಗೆಯ ಮೇಲಿತ್ತು, ಮಾವ ಕಾಲೇಜಿನ ಗೇಟಿನ ಹತ್ತಿರ ಬೈಕು ನಿಲ್ಲಿಸಿಕೊಂಡು ನನಗಾಗಿ ಕಾಯುತ್ತಿದ್ದರು.

ಬಸುರಿಯಾದಾಗ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ತೋರಿಸಿಕೊಂಡೆ. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರು, ಅವರಿಗಿಂತ ಹೆಚ್ಚು ಹೆರಿಗೆ ಮಾಡಿಸಿದ ಒಬ್ಬರು ಹಿರಿಯ ನರ್ಸು. ಮಲಯಾಳಂ ಮಾತಾಡುವ ಮನೆಯವರು, ಮದುವೆಯಾಗಿರಲಿಲ್ಲ. ಇಡೀ ಊರಿಗೆ ಅವರು "ಸಿಸ್ಟರ್". ಪೇಟೆಯಲ್ಲಿ ನಡೆದು ಹೋದರೆ ತರಕಾರಿ ಅಂಗಡಿಯವನಿಂದ ಹಿಡಿದು ಬ್ಯಾಂಕಿನ ಗುಮಾಸ್ತನವರೆಗೆ ಎದ್ದು ಮಾತಾಡಿಸುತ್ತಿದ್ದರು, ಯಾಕೆಂದರೆ ಅವರ ಮಕ್ಕಳನ್ನೆಲ್ಲ ಮೊದಲು ಎತ್ತಿದ ಕೈ ಅದು.

ಮೊದಲ ದಿನ ಸಿಸ್ಟರ್ ನನ್ನ ಕಾರ್ಡು ತುಂಬಿಸುತ್ತ ಕೇಳಿದರು, "ಸ್ವಂತದಲ್ಲಿ ಮದುವೆಯಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಜ್ಜಿ, "ಇಲ್ಲ ಕಣವ್ವ" ಎಂದಳು. "ಇವಳ ಅಪ್ಪನ ಮನೆದೇವ್ರು ರಂಗನಾಥ, ನಮ್ದು ಭೈರವ. ಮನೆದೇವ್ರೇ ಬೇರೆ ಅಂದ್ಮೇಲೆ ಅದೆಂಗೆ ಸ್ವಂತ ಆಗುತ್ತೆ?"

ಅಜ್ಜಿ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕ ಹಾಗೇ ಇತ್ತು. ಮನೆದೇವರು ಒಂದೇ ಆದರೆ ಅಣ್ಣ ತಂಗಿಯ ವರಸೆ, ಎಷ್ಟು ದೂರದವರಾದರೂ ಕೊಡುವಂತಿಲ್ಲ, ತರುವಂತಿಲ್ಲ. ಮನೆದೇವರು ಬೇರೆಯಾದರೆ ಒಂದೇ ಅಂಗಳದಲ್ಲಿ ಬೆಳೆದವರೂ ಗಂಡು ಹೆಣ್ಣು. ಮಗಳು ಮದುವೆಯಾಗಿ ಹೋದಳೆಂದರೆ ಅವಳ ಮಕ್ಕಳು ಅಳಿಯನ ದೇವರ ಒಕ್ಕಲು. ರಕ್ತವೂ ದೇವರ ಜೊತೆಗೇ ಮನೆ ಬದಲಾಯಿಸುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು. ನಂಬದೇ ಇದ್ದವಳು, ಎಂಎಸ್ಸಿ ಓದಿದವಳು, ನಾನು. ಸಿಸ್ಟರ್ ಪೆನ್ನು ಎತ್ತಿ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಇಲ್ಲ" ಎಂದು ಬರೆದುಕೊಂಡರು. ಆ "ಇಲ್ಲ" ಆಮೇಲೆ ನಾವು ಹೋದ ಆಸ್ಪತ್ರೆಯಿಂದ ಆಸ್ಪತ್ರೆಗೆ, ಫಾರಮ್ಮಿನಿಂದ ಫಾರಮ್ಮಿಗೆ ನನ್ನ ಕೈಬರಹದಲ್ಲೇ ಹೋಯಿತು. ಒಂದು ಸಲ ಹೇಳಿದ್ದನ್ನು ತಿದ್ದಿದರೆ ಮೊದಲನೆಯದಕ್ಕೂ ಉತ್ತರ ಕೊಡಬೇಕಲ್ಲ.

ಹೆರಿಗೆಯಾದದ್ದು ಆಷಾಢದ ಮಳೆಯಲ್ಲಿ. ಡಾಕ್ಟರು ನೆಂಟರ ಮನೆಗೆ ಹೋಗಿದ್ದರು, ದಾರಿಯಲ್ಲಿ ಮರ ಬಿದ್ದು ಬರುವುದು ತಡವಾಯಿತು. ಸಿಸ್ಟರ್ ಒಬ್ಬರೇ. ನೋವು ಬೆಳಗಿನಿಂದ ಸಂಜೆಯವರೆಗೆ ಎಳೆಯಿತು. ಮಗು ಹೊರಗೆ ಬಂತು, ಅಳಲಿಲ್ಲ. ಸಿಸ್ಟರ್ ಅದರ ಬಾಯಿ ಒರೆಸಿದ್ದು, ಬೆನ್ನು ಉಜ್ಜಿದ್ದು, ಮಲಯಾಳಂನಲ್ಲಿ ಏನೋ ಬೇಡಿಕೊಂಡದ್ದು ನನಗೆ ನೆನಪಿದೆ. ಆಮೇಲೆ ಅತ್ತಿತು. ಎಷ್ಟು ಹೊತ್ತಿನ ಮೇಲೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಕಾಯುವವಳಿಗೆ ಒಂದು ಉಸಿರೂ ಒಂದು ತಾಸು.

ಮಗುವಿಗೆ ಹತ್ತು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಮೈಸೂರಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನಾನು, ಮಾವ, ಅಜ್ಜಿ. ಹೆರಿಗೆಯ ಕಥೆಯನ್ನು ನಾನೇ ಹೇಳಿದೆ, ನರ್ಸು ಒಬ್ಬರೇ ಇದ್ದದ್ದು, ಮಗು ತಡವಾಗಿ ಅತ್ತದ್ದು. ಅಜ್ಜಿ ಪಕ್ಕದಲ್ಲಿ ಕೂತು ಸೆರಗಿನ ಅಂಚು ಸುತ್ತುತ್ತಿದ್ದಳು. ಡಾಕ್ಟರು ಫಾರಂ ನೋಡಿದರು. ರಕ್ತಸಂಬಂಧ ಇಲ್ಲ ಎಂದಿತ್ತು. "ಹುಟ್ಟುವಾಗ ಮೆದುಳಿಗೆ ಆಕ್ಸಿಜನ್ ಕಮ್ಮಿ ಆಗಿರಬಹುದು" ಎಂದರು. ಅವರು ಹೇಳಿದ್ದು "ಇರಬಹುದು". ನಮ್ಮ ಬಸ್ಸು ಬೈಲಕುಪ್ಪೆ ದಾಟುವ ಹೊತ್ತಿಗೆ ಅದು "ಹೌದು" ಆಗಿತ್ತು.

ಬಸ್ಸಿಳಿದು ನೇರ ನರ್ಸಿಂಗ್ ಹೋಮಿಗೆ ಹೋದೆ. ಸಂತೆಯ ದಿನ, ರಸ್ತೆ ತುಂಬ ಜನ. ಸಿಸ್ಟರ್ ಗೇಟಿನ ಹತ್ತಿರ ಯಾರದೋ ಮಗುವಿನ ಔಷಧಿ ವಿವರಿಸುತ್ತ ನಿಂತಿದ್ದರು. ಅಲ್ಲಿಯತನಕ ಬಹುವಚನದಲ್ಲಿ ಮಾತಾಡಿಸುತ್ತಿದ್ದವರನ್ನು ನಾನು ಅವತ್ತು ಏಕವಚನಕ್ಕೆ ಇಳಿಸಿದೆ.

"ನನ್ ಮಗೂನ ನೀನೇ ಹಾಳು ಮಾಡಿದ್ದು" ಎಂದೆ. "ಡಾಕ್ಟರ್ ಇಲ್ದೆ ನಿಂಗೆ ಮುಟ್ಟು ಅಂತ ಹೇಳ್ದೋರು ಯಾರು? ಉಸಿರು ಸಿಗದೆ ತಲೆ ಸತ್ತೋಯ್ತು ಅಂತ ಮೈಸೂರಲ್ಲಿ ಹೇಳಿದ್ದಾರೆ. ನಾನು ಬಯಾಲಜಿ ಲೆಕ್ಚರರ್, ನಂಗೆ ಕಥೆ ಹೇಳ್ಬೇಡ."

ಆ ಕೊನೆಯ ಮಾತೇ ಕೆಲಸ ಮಾಡಿದ್ದು. ಬೇರೆ ಯಾವ ತಾಯಿ ಕೂಗಿದ್ದರೂ ಜನ ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಿದ್ದರು. ಲೆಕ್ಚರರಮ್ಮ ಹೇಳುತ್ತಿದ್ದಾಳೆ, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡರು. ಕೊತ್ತಂಬರಿ ಕಟ್ಟು ಹಿಡಿದ ಹೆಂಗಸರು ಹಾಗೇ ನಿಂತು ಕೇಳಿದರು. ಮಾವ ನನ್ನ ಪಕ್ಕ ನಿಂತು ಇನ್ನೆರಡು ಮಾತು ಸೇರಿಸಿದರು. ಅಜ್ಜಿ ಮಾತ್ರ, "ನಡಿ ಮಗ, ಆದದ್ದಾಯ್ತು" ಎಂದು ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. ಮುದುಕಿಯ ಮನಸ್ಸು ಮೆತ್ತಗೆ ಎಂದುಕೊಂಡು ನಾನು ಸೆರಗು ಬಿಡಿಸಿಕೊಂಡೆ. ಸಿಸ್ಟರ್ ಒಂದೇ ಒಂದು ಮಾತಿಗೂ ಉತ್ತರ ಕೊಡಲಿಲ್ಲ. ಉತ್ತರ ಇದ್ದಿದ್ದರೆ ಕೊಡುತ್ತಿರಲಿಲ್ಲವೇ ಎಂದು ಊರು ತೀರ್ಮಾನ ಮಾಡಿತು.

ಎರಡು ತಿಂಗಳಲ್ಲಿ ಆ ನರ್ಸಿಂಗ್ ಹೋಮಿಗೆ ಹೆರಿಗೆಗೆ ಬರುವವರು ನಿಂತರು. ಡಾಕ್ಟರು ಸಿಸ್ಟರ್‌ಗೆ ಬೇರೆ ಕಡೆ ನೋಡಿಕೊಳ್ಳಿ ಎಂದರಂತೆ. ಅವರು ವಿರಾಜಪೇಟೆ ಆಚೆ ಬಿಟ್ಟಂಗಾಲದಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ತಮ್ಮನ ಮನೆಗೆ ಹೋದರು ಎಂದು ಆಮೇಲೆ ಗೊತ್ತಾಯಿತು. ಪೀಡೆ ತೊಲಗಿತು ಎಂದೆ ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಎಂದು ಬೇರೆಯವರನ್ನು ಆಡಿಕೊಳ್ಳುತ್ತಿದ್ದವಳು, ನಾನೇ ಬರೆ ಕಾಯಿಸಿ ಹಾಕಿದ್ದು ನನಗೆ ಕಾಣಲಿಲ್ಲ. ಬೈಯಲು ಒಬ್ಬರು ಸಿಕ್ಕಿದ್ದರಿಂದ ಆ ವರ್ಷಗಳಲ್ಲಿ ನನಗೆ ನಿದ್ದೆ ಬರುತ್ತಿತ್ತು ಎಂಬುದೂ ನಿಜ.

ಹೋದ ವರ್ಷ ಮಗನಿಗೆ ಹೊಸದಾಗಿ ಫಿಟ್ಸ್ ಶುರುವಾಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಜ್ಜಿ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಅಲ್ಲಿನ ವಂಶವಾಹಿ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂವರ ರಕ್ತವನ್ನೂ ತೆಗೆದುಕೊಂಡರು. ರಿಪೋರ್ಟು ಬರಲು ವಾರಗಟ್ಟಲೆ ಹಿಡಿಯಿತು. ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹಳೆಯ ಫಾರಂ ಮುಂದಿಟ್ಟರು.

"ಮೇಡಂ, ಇದರಲ್ಲಿ ಸಂಬಂಧ ಇಲ್ಲ ಅಂತ ಬರೆದಿದ್ದೀರಿ. ಇನ್ನೊಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ಯಾಕೆ ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಗಿತ್ತು. ಪ್ರತಿ ಮನುಷ್ಯನಲ್ಲೂ ವಂಶವಾಹಿಗಳ ಎರಡೆರಡು ಪ್ರತಿ ಇರುತ್ತವೆ, ಒಂದು ಅಪ್ಪನದು, ಒಂದು ಅಮ್ಮನದು. ಮಗನ ಒಂದು ವಂಶವಾಹಿಯ ಎರಡೂ ಪ್ರತಿಯಲ್ಲಿ ಒಂದೇ ಜಾಗದಲ್ಲಿ ಒಂದೇ ಅಪರೂಪದ ತಪ್ಪಿತ್ತು. ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಸರಿ ಉತ್ತರ ಒಂದೇ ಇದ್ದರೆ ನಾನು ಸುಮ್ಮನಿರುತ್ತೇನೆ. ತಪ್ಪು ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ, ಎರಡೂ ಒಂದೇ ಕಡೆಯಿಂದ ಇಳಿದದ್ದು ಎಂದು ಕೆಂಪು ಗೆರೆ ಎಳೆಯುತ್ತೇನೆ.

ಮಾವ ಉತ್ತರ ಕೊಟ್ಟರು. "ಇವಳು ನನ್ನ ಅಕ್ಕನ ಮಗಳು" ಎಂದರು. ಹನ್ನೆರಡು ವರ್ಷದಲ್ಲಿ ಒಬ್ಬ ಡಾಕ್ಟರ ಎದುರು ಆ ಮಾತು ಬಂದದ್ದು ಅದೇ ಮೊದಲು.

ಆ ಹುಡುಗಿ ನನಗೆ ಬೈಯಲಿಲ್ಲ. ತಾಳ್ಮೆಯಿಂದ ವಿವರಿಸಿದರು. ಚೀಟಿಯ ಕೆಲಸ ಮುಗಿದ ಮೇಲೆ ಅದು ಕೋಶದಲ್ಲಿ ಉಳಿಯಬಾರದು, ಅಳಿಯಬೇಕು. ಅಳಿಸುವುದಕ್ಕೆ ಎರಡು ದಾರಿ. ಒಂದು ದಾರಿಯಲ್ಲಿ, ಇನ್ನೂ ಉದ್ದಕ್ಕಿರುವ ಚೀಟಿಯ ಟೋಪಿಯನ್ನೇ ಒಂದು ಕಿಣ್ವ ಕಳಚಿಬಿಡುತ್ತದೆ, ಆಮೇಲೆ ಬೇರೆ ಕಿಣ್ವಗಳು ಮುಂದಿನಿಂದ ಮೇಯುತ್ತ ಹೋಗುತ್ತವೆ. ಇನ್ನೊಂದರಲ್ಲಿ ಹಿಂದಿನ ತುದಿಯಿಂದ ಮೇಯ್ದುಕೊಂಡು ಬರುತ್ತವೆ, ಕೊನೆಗೆ ಟೋಪಿ ಹೊತ್ತ ಚೂರು ಮಾತ್ರ ಉಳಿಯುತ್ತದೆ. ಆ ಚೂರಿನ ಟೋಪಿಯನ್ನು ಮುರಿದು ಚೊಕ್ಕ ಮಾಡಲು ಬೇರೆಯೇ ಒಂದು ಕಿಣ್ವ ಇದೆ. ನನ್ನ ಮಗನಲ್ಲಿ ಕೆಲಸ ಮಾಡದೇ ಇರುವುದು ಅದು. ಮುರಿಯದ ಟೋಪಿಗಳು ಉಳಿದುಕೊಂಡರೆ, ಹೊಸ ಚೀಟಿಯ ಟೋಪಿ ಹಿಡಿಯಬೇಕಾದ ಪ್ರೊಟೀನುಗಳು ಹಳೆಯದನ್ನೇ ಹಿಡಿದುಕೊಂಡು ಕೂರಬಹುದು ಎಂದರು. ಅದರಿಂದ ತಲೆ ಯಾಕೆ ಬೆಳೆಯುವುದಿಲ್ಲ, ಮಾತು ಯಾಕೆ ಬರುವುದಿಲ್ಲ ಎಂದು ಕೇಳಿದೆ. "ಪೂರ್ತಿ ಗೊತ್ತಿಲ್ಲ ಮೇಡಂ" ಎಂದರು. ಔಷಧಿ ಇದೆಯೇ ಎಂದು ಮಾವ ಕೇಳಿದರು. ಫಿಟ್ಸಿಗೆ ಇದೆ, ಇದಕ್ಕೆ ಇಲ್ಲ ಎಂದರು. ನಮ್ಮ ಮನೆತನದ ಉಳಿದ ಮಕ್ಕಳನ್ನು ಒಳಗೊಳಗೇ ಕೊಟ್ಟು ತರುವ ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದೂ ಹೇಳಿದರು.

ನಾನು ಎದ್ದು ಬರುವಾಗ ಕೇಳಿದೆ, "ಹೆರಿಗೆ ಟೈಮಲ್ಲಿ ಉಸಿರು ಸಿಗದೆ ಹೀಗಾಯ್ತು ಅಂದಿದ್ರು."

"ಇಲ್ಲ ಮೇಡಂ. ಹೆರಿಗೆ ಯಾರು ಮಾಡಿಸಿದ್ರೂ, ಎಲ್ಲಿ ಮಾಡಿಸಿದ್ರೂ ಇವನು ಹೀಗೇ ಇರ್ತಿದ್ದ. ಇದು ಹೊಟ್ಟೇಲಿ ಇದ್ದಾಗಿನಿಂದಲೇ ಬಂದದ್ದು."

ವಾಪಸು ಬರುವಾಗ ಮಗ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಹುಣಸೂರು ದಾಟಿದ ಮೇಲೆ ಮಾವ, "ಹಂಗಾದ್ರೆ ಆ ಸಿಸ್ಟರು" ಎಂದರು. ನಾನು ಹ್ಞೂಂ ಎಂದೆ. "ನಾನು ಬರಾಕಿಲ್ಲ ಕಣೆ. ಯಾವ ಮುಖ ಇಟ್ಕಂಡು ಹೋಗ್ಲಿ? ನೀನೇ ಹೋಗು" ಎಂದರು. ನನಗಿದ್ದದ್ದೂ ಅದೇ ಮುಖ. ಆದರೆ ಕೂಗಿದ್ದು ನಾನು, ಹೋಗಬೇಕಾದವಳೂ ನಾನೇ.

ನನ್ನಿಂದ ಆಗಬೇಕಿದ್ದದ್ದು ಒಂದೇ ಕೆಲಸ. ಆ ಹೆಂಗಸಿನ ಎದುರು ನಿಂತು, ತಪ್ಪು ನಿಮ್ಮದಲ್ಲ, ನಮ್ಮದು ಎಂದು ಹೇಳುವುದು. ಅದಕ್ಕೆ ಏಳು ತಿಂಗಳು ತೆಗೆದುಕೊಂಡೆ. ಮಳೆ ಎಂದೆ, ಪೇಪರ್ ವ್ಯಾಲ್ಯುಯೇಶನ್ ಎಂದೆ, ಶುಂಠಿ ಕೀಳುವ ಆಳಿಗೆ ಅಡುಗೆ ಎಂದೆ. ಅವರು ಬೈದುಬಿಟ್ಟರೆ ಎಂಬ ಭಯ ಇರಲಿಲ್ಲ. ಬೈಗುಳಕ್ಕೆ ಬೈಗುಳ ನನಗೆ ಬರುತ್ತದೆ. ಅವರು ಬೈಯದೇ ಇದ್ದರೆ ಏನು ಮಾಡುವುದು ಎಂಬುದೇ ಭಯ. ಕ್ಲಾಸಿನಲ್ಲಿ ಮತ್ತೆ ಆ ಟೋಪಿಯ ಸಾಲು ಬಂದ ದಿನ ನಾನು ಅರ್ಧಕ್ಕೆ ನಿಲ್ಲಿಸಿ, ತಲೆನೋವು ಎಂದು ಸ್ಟಾಫ್ ರೂಮಿಗೆ ಬಂದು ಕೂತೆ. ಆ ಭಾನುವಾರ ಹೊರಟೆ.

ಮಗನನ್ನು ಕರೆದುಕೊಂಡೇ ಹೋದೆ, ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ಸಿದ್ದಾಪುರದ ದಾರಿಯ ಬಸ್ಸು, ಅಲ್ಲಿಂದ ವಿರಾಜಪೇಟೆ, ಮತ್ತೊಂದು ಬಸ್ಸು. ಕಾಫಿ ಪಿಕಿಂಗ್ ಶುರುವಾಗಿತ್ತು, ಆಳುಗಳನ್ನು ತುಂಬಿಕೊಂಡ ಜೀಪುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಮಗ ಕಿಟಕಿಗೆ ಮೂಗು ಒತ್ತಿ ಕೂತಿದ್ದ. ಬಿಟ್ಟಂಗಾಲದಲ್ಲಿ ಇಳಿದು ಕೇಳಿದೆ, ಸಿಸ್ಟರ್ ಎಂದ ಕೂಡಲೇ ಅಂಗಡಿಯವರು ದಾರಿ ತೋರಿಸಿದರು.

ರೈಟರ್ ಕ್ವಾರ್ಟರ್ಸಿನ ಮುಂದೆ ಸಿಮೆಂಟಿನ ಕಣ, ಕಣದ ತುಂಬ ಒಣಗಲು ಹಾಕಿದ ಕಾಫಿ ಹಣ್ಣು. ಸಿಸ್ಟರ್ ಸೀರೆ ಎತ್ತಿ ಸಿಕ್ಕಿಸಿಕೊಂಡು ಉದ್ದ ಹಿಡಿಯ ಮರದ ಹಲಗೆಯಿಂದ ಹಣ್ಣು ಹರವುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರು ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದರು.

"ಇವನಾ?" ಎಂದರು.

"ಹೌದು ಸಿಸ್ಟರ್."

ಹಲಗೆಯನ್ನು ಗೋಡೆಗೆ ಒರಗಿಸಿ, ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದು ಅವನ ತಲೆಯ ಮೇಲೆ ಅಂಗೈ ಇಟ್ಟರು. ನನ್ನ ಮಗ ತಲೆ ಮುಟ್ಟಲು ಯಾರಿಗೂ ಬಿಡುವುದಿಲ್ಲ. ಕ್ಷೌರಕ್ಕೆ ಇಬ್ಬರು ಹಿಡಿದುಕೊಳ್ಳಬೇಕು. ಅವತ್ತು ಸುಮ್ಮನೆ ನಿಂತ. ನಮ್ಮನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲದ ಕಾಫಿ ತಂದುಕೊಟ್ಟರು. ಮಗನಿಗೆ ಚಮಚದಲ್ಲಿ ಆರಿಸಿ ಆರಿಸಿ ಅವರೇ ಕುಡಿಸಿದರು.

ನಾನು ಬಸ್ಸಿನಲ್ಲಿ ಪಾಠ ತಯಾರಿಸಿಕೊಂಡು ಬಂದಿದ್ದೆ. ಡಿಎನ್‌ಎಯಿಂದ ಶುರು ಮಾಡಿದೆ. ಚೀಟಿ ಎಂದೆ, ಟೋಪಿ ಎಂದೆ, ಎರಡು ಕಿಣ್ವ ಎಂದೆ. ಹೇಳಬೇಕಾದ ಒಂದು ಮಾತನ್ನು ಹೇಳಲಾರದೆ ಮಿಕ್ಕಿದ್ದೆಲ್ಲ ಹೇಳುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕೇಳಿ ಕೈ ಎತ್ತಿದರು.

"ನಿಮ್ಮ ಪಾಠ ನಂಗೆ ಗೊತ್ತಾಗುವುದಿಲ್ಲ ಟೀಚರೇ. ಒಂದೇ ಹೇಳ್ಬೇಕು. ಅದು ನನ್ನ ಕೈಯಿಂದ ಆದದ್ದಾ, ಅಲ್ವಾ?"

"ಅಲ್ಲ ಸಿಸ್ಟರ್. ನಿಮ್ಮ ಕೈಯಿಂದ ಆದದ್ದಲ್ಲ. ನನ್ನ ಗಂಡ ನನ್ನ ಸೋದರಮಾವ. ಅವತ್ತು ಕಾರ್ಡಿನಲ್ಲಿ ನಾವು ಸುಳ್ಳು ಬರೆಸಿದ್ವಿ. ಇದು ನಮ್ಮ ರಕ್ತದಲ್ಲೇ ಇದ್ದದ್ದು. ಬೀದೀಲಿ ನಿಂತು ನಿಮ್ಮನ್ನ ಅಂದೆ. ತಪ್ಪಾಯ್ತು."

ಅವರು ಚಮಚವನ್ನು ಲೋಟದೊಳಗೆ ಇಟ್ಟರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ.

"ನಂಗೆ ಗೊತ್ತಿತ್ತು" ಎಂದರು. "ಆದ್ರೂ ಹತ್ತು ಜನ ಹೇಳಿದ್ರೆ ಗೊತ್ತಿದ್ದದ್ದು ಕೂಡ ಸಂಶಯ ಆಗ್ತದೆ. ಇಲ್ಲಿ ಆಳುಗಳ ಲೈನ್ ಮನೆಯಲ್ಲಿ ಎಷ್ಟೋ ಹೆರಿಗೆ ಆಗ್ತದೆ, ಆಸ್ಪತ್ರೆ ಮುಟ್ಟುವ ಮೊದಲೇ ಆಗ್ತದೆ. ಬನ್ನಿ ಸಿಸ್ಟರ್ ಅಂತ ಓಡಿ ಬರ್ತಾರೆ. ನಾನು ಹೋಗಲಿಲ್ಲ, ಒಂದಕ್ಕೂ ಹೋಗಲಿಲ್ಲ."

"ಗೊತ್ತಿತ್ತು ಅಂದ್ರೆ?"

"ಹುಟ್ಟಿದ ಕೂಡಲೇ ತೂಕ ನೋಡ್ತೇವಲ್ಲ, ತಲೆ ಸುತ್ತ ಟೇಪ್ ಹಾಕ್ತೇವೆ. ಸಣ್ಣ ಇತ್ತು. ನನ್ನ ಲೆಕ್ಕ ತಪ್ಪಿತಾ ಅಂತ ಇನ್ನೊಂದು ಸಲ ಹಾಕಿದೆ. ಅಷ್ಟೇ ಇತ್ತು. ಒಂದು ಘಳಿಗೆ ಉಸಿರು ತಡ ಆದ್ರೆ ತಲೆ ಸಣ್ಣ ಆಗ್ತದಾ ಟೀಚರೇ? ಅದು ಒಳಗಿನಿಂದಲೇ ಹಾಗೆ ಬಂದದ್ದು. ನಿಮ್ಮ ಅಜ್ಜಿಯನ್ನ ಹೊರಗೆ ಕರೆದು ಹೇಳಿದೆ, ಮಗುವಿನ ತಲೆ ಸಣ್ಣ ಉಂಟು, ದೊಡ್ಡ ಡಾಕ್ಟ್ರಿಗೆ ತೋರಿಸ್ಬೇಕು ಅಂತ."

ನಾನು ಲೋಟ ಕೆಳಗಿಟ್ಟೆ. "ಅಜ್ಜಿಗೆ ಹೇಳಿದ್ರಾ?"

"ಹೇಳಿದೆ. ಅವರು ನನ್ನ ಎರಡೂ ಕೈ ಹಿಡ್ಕೊಂಡ್ರು. ಬಾಣಂತಿಗೆ ಹೇಳ್ಬೇಡ ತಾಯಿ, ಎದೆಹಾಲು ಬತ್ತಿ ಹೋಗ್ತದೆ, ಇರುವ ಮಗುವೂ ಉಳಿಯೋದಿಲ್ಲ, ಹಾಲು ಬಿಡಿಸಿದ ಮೇಲೆ ನಾನೇ ಹೇಳ್ತೇನೆ ಅಂದ್ರು. ಆಣೆ ಹಾಕಿಸಿದ್ರು. ನಂಗೂ ಸರಿ ಅಂತ ಕಾಣ್ತು. ನೀವು ಅಷ್ಟು ಸುಸ್ತಾಗಿದ್ರಿ. ಕುಲಾವಿ ಹಾಕಿ, ಕಿವಿವರೆಗೆ ಎಳೆದು, ನಿಮ್ಮ ಕೈಗೆ ಕೊಟ್ಟೆ."

ನನಗೆ ಸತ್ತ ಅಜ್ಜಿಯ ಮೇಲೆ ಸಿಟ್ಟು ಬಂತು, ಎದುರಿಗಿದ್ದ ಇವರ ಮೇಲೂ ಬಂತು. ತಪ್ಪೊಪ್ಪಿಗೆಗೆ ಬಂದವಳು ಎಂಬುದೇ ಮರೆತು ನನ್ನ ದನಿ ಏರಿತು. ಮಗ ಬೆಚ್ಚಿ ಸಿಸ್ಟರ್ ಸೆರಗು ಹಿಡಿದುಕೊಂಡ.

"ಮತ್ತೆ ಗೇಟಿನ ಹತ್ರ ನಾನು ಅಷ್ಟು ಬೈದಾಗ ಯಾಕೆ ಸುಮ್ಮನಿದ್ರಿ? ಅಜ್ಜಿ ಅಲ್ಲೇ ನಿಂತಿದ್ಲು. ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಿಮ್ಮ ಕೆಲಸ ಉಳೀತಿತ್ತು. ಯಾಕೆ ಹೇಳ್ಲಿಲ್ಲ?"

ಸಿಸ್ಟರ್ ಮಗನ ಬಾಯಿಯ ಕೊನೆಯಲ್ಲಿ ಇಳಿದಿದ್ದ ಕಾಫಿಯನ್ನು ಸೆರಗಿನಿಂದ ಒರೆಸಿದರು.

"ಹೇಗೆ ಹೇಳುವುದು ಟೀಚರೇ" ಎಂದರು. "ಆಗ ನೀವಿನ್ನೂ ಇವನಿಗೆ ಹಾಲು ಕುಡಿಸ್ತಾ ಇದ್ರಿ ಅಲ್ವಾ."